ಒಂದೇ ಲೆನ್ಸು, ಐದು ಊರು, ಐದು ರೇಟು

1/
ಹಳೇ ಕ್ಯಾಮೆರಾ ಸರಣಿಯಲ್ಲಿ ಈ ಸಲ ರೇಂಜ್‌ಫೈಂಡರ್ ಲೆನ್ಸುಗಳ ಕಥೆ. ಮದುವೆ ಸೀಸನ್ ಬಂತಂದ್ರ ನಮ್ಮ ಇಜೇರಿ, ಜೇವರ್ಗಿ ಕಡೆ ಫೋಟೊ ಹೊಡೆಯೋ ಹುಡುಗರು ಲೆನ್ಸಿನ ಸಲುವಾಗಿ ಇಎಂಐ ಕಟ್ಟೋದು ನಿಮಗೂ ಗೊತ್ತದ. "ತುಟ್ಟಿ ಲೆನ್ಸ್ ಇದ್ರೇನೇ ಫೋಟೊ ಬರ್ತದ" ಅನ್ನೋ ಒಂದು ಮಾತಿನ ಮ್ಯಾಲೆ ಎಷ್ಟೋ ಮಂದಿ ಸಾಲ ಮಾಡ್ಯಾರ. ಆ ಮಾತು ಎಷ್ಟು ಖರೆ ಅಂತ ನೋಡಬೇಕಂದ್ರ 90 ವರ್ಷ ಹಿಂದಕ್ಕೆ ಹೋಗಬೇಕು. ರೊಕ್ಕದ ಲೆಕ್ಕ ಕೇಳೋದು ಬಿಕಾಂನವರ ಚಟ, ಸಹಿಸ್ಕೊಳ್ರಿ.

2/
ಮೊದಲು ಈ ಕ್ಯಾಮೆರಾ ಹೆಂಗ ಕೆಲಸ ಮಾಡ್ತದ ಅಂತ ನೋಡೋಣ. ಡಿಎಸ್‌ಎಲ್‌ಆರ್‌ನಲ್ಲಿ ನೀವು ಲೆನ್ಸಿನ ಮೂಲಕಾನೇ ನೋಡ್ತೀರಿ. ರೇಂಜ್‌ಫೈಂಡರ್‌ನಲ್ಲಿ ನೋಡೋದು ಪಕ್ಕದ ಸಣ್ಣ ಕಿಟಕಿಯಿಂದ. ಅದರ ನಡುವಿನ ಚೌಕದಲ್ಲಿ ಎದುರಿನ ಮನುಷ್ಯ ಇಬ್ಬಿಬ್ಬರಾಗಿ ಕಾಣ್ತಾನ. ಉಂಗುರ ತಿರುಗಿಸ್ತಾ ಹೋದಂಗ ಎರಡೂ ಬಿಂಬ ಒಂದರ ಮ್ಯಾಲೊಂದು ಕೂತ್ರ ಫೋಕಸ್ ಆಯ್ತು ಅಂತ ಅರ್ಥ. ಲೆನ್ಸಿನ ಹಿಂಭಾಗ ಕ್ಯಾಮೆರಾದ ಒಳಗಿನ ಒಂದು ಪುಟ್ಟ ಗಾಲಿಯನ್ನು ಒತ್ತಿ ದೂರ ಎಷ್ಟು ಅಂತ ತಿಳಿಸ್ತದ. ಅದು ಹೇಳಿದ್ದನ್ನ ಕ್ಯಾಮೆರಾ ಕಣ್ಣು ಮುಚ್ಚಿ ನಂಬ್ತದ. ಈ ನಂಬೋ ವಿಷಯ ನೆನಪಿಡ್ರಿ.

3/
1925ರಲ್ಲಿ ಜರ್ಮನಿಯ ಲೈಟ್ಜ್ ಕಂಪನಿ ಲೈಕಾ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂತು. 1932ರ ಲೈಕಾ II ಮಾದರಿಯಲ್ಲಿ ರೇಂಜ್‌ಫೈಂಡರ್ ಸೇರಿತು. ಅದೇ ವರ್ಷ ಎದುರಾಳಿ ಜೈಸ್ ಐಕಾನ್ ಕಂಪನಿ ಕಾಂಟ್ಯಾಕ್ಸ್ ಅನ್ನೋ ಕ್ಯಾಮೆರಾ ತಂತು. ಅದಕ್ಕೆ ಹಾಕಲು ಮಾಡಿದ ಲೆನ್ಸೇ ಸೊನ್ನಾರ್. ಅದರ ವಿನ್ಯಾಸಕಾರ ಲುಡ್ವಿಗ್ ಬರ್ಟೆಲೆ, 1900ರಲ್ಲಿ ಹುಟ್ಟಿದವ. ಸೊನ್ನಾರ್‌ಗೂ ಮುಂಚೆ, 1923ರ ಸುಮಾರಿಗೇ, ಎರ್ನೊಸ್ಟಾರ್ ಅನ್ನೋ ಹೆಸರಾಂತ ಲೆನ್ಸ್ ಮಾಡಿದ್ದ. ಅಂದ್ರ ನಮಗಿಂತ ಎರಡು ಮೂರು ವರ್ಷ ದೊಡ್ಡವ, ಅಷ್ಟೇ!

ಆಗಿನ ಕಷ್ಟ ಏನಿತ್ತಂದ್ರ, ಗಾಜಿನ ಮ್ಯಾಲೆ ಈಗಿನಂಗ ಕೋಟಿಂಗ್ ಇರಲಿಲ್ಲ. ಗಾಳಿ-ಗಾಜು ಸೇರೋ ಪ್ರತಿ ಮೈಯಲ್ಲೂ ಸುಮಾರು 4-5% ಬೆಳಕು ವಾಪಸ್ ಹಾರ್ತಿತ್ತು, ಚಿತ್ರ ಮಸುಕಾಗ್ತಿತ್ತು. ಬರ್ಟೆಲೆ ಗಾಜುಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟ. 50 ಎಂಎಂ, ಎಫ್/1.5 ಸೊನ್ನಾರ್‌ನಲ್ಲಿ ಏಳು ಗಾಜು, ಆದ್ರ ಮೂರೇ ಗುಂಪು. ಬೆಳಕು ಕಳ್ಕೊಳ್ಳೋ ಮೈಗಳು ಬರೀ ಆರು. ಆ ಕಾಲಕ್ಕೆ ಇದು ಪ್ರೀಮಿಯಂ ಮಾಲು.

4/
1945ರಲ್ಲಿ ಜರ್ಮನಿ ಸೋತಿತು. ಕಾಂಟ್ಯಾಕ್ಸ್ ತಯಾರಿಸೋ ಉಪಕರಣಗಳನ್ನು ಸೋವಿಯತ್ ಒಕ್ಕೂಟ ಯುದ್ಧ ಪರಿಹಾರ ಅಂತ ಕೀವ್‌ನ ಆರ್ಸೆನಲ್ ಕಾರ್ಖಾನೆಗೆ ಸಾಗಿಸಿತು. ಸೊನ್ನಾರ್ ವಿನ್ಯಾಸ ಮಾಸ್ಕೊ ಹತ್ರದ ಕ್ರಾಸ್ನೊಗೊರ್ಸ್ಕ್‌ಗೆ ಹೋಯ್ತು, ಜೊತೆಗೆ ಯೇನಾ ಊರಿನ ಗಾಜೂ ಹೋಯ್ತು. ಮುಂದೆ ಆ ಲೆನ್ಸುಗಳಿಗೆ ಇಟ್ಟ ಹೆಸರು ಜುಪಿಟರ್: ಎಫ್/2 ಇದ್ದದ್ದು ಜುಪಿಟರ್-8, ಎಫ್/1.5 ಇದ್ದದ್ದು ಜುಪಿಟರ್-3. ವಿನ್ಯಾಸ ಅದೇ, ಆದ್ರ ಈಗ ಅದು ಸಾಮಾನ್ಯ ಜನರ ಸೋವಿ ಲೆನ್ಸು.

(ಸೋವಿಯತ್‌ನವರಿಗೆ ನಕಲು ಹೊಸದೇನಲ್ಲ. 1934ರಿಂದಲೇ ಖಾರ್ಕಿವ್‌ನ ಒಂದು ಅನಾಥ ಮಕ್ಕಳ ದುಡಿಮೆ ಶಾಲೆಯಲ್ಲಿ ಲೈಕಾ II ನಕಲು ಮಾಡ್ತಿದ್ರು. ಅದರ ಹೆಸರು ಫೆಡ್. ನಮ್ಮ ವಯಸ್ಸಿನವರು ಮೈಕ್ರಾನ್ ಲೆಕ್ಕದಲ್ಲಿ ಲೋಹ ಕಡೀತಿದ್ರು!)

5/
ಇತ್ತ ಜಪಾನ್. "ಜಪಾನ್ ಮಾಲು" ಅಂದ್ರ ಆಗ ಸೋವಿ ನಕಲು ಅಂತಲೇ ಅರ್ಥ. 1950ರಲ್ಲಿ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೊದಲ್ಲಿದ್ರು. ಜುನ್ ಮಿಕಿ ಅನ್ನೋ ಜಪಾನಿ ಛಾಯಾಗ್ರಾಹಕ ನಿಕ್ಕೋರ್ ಲೆನ್ಸಿನಲ್ಲಿ ಅವರದ್ದೊಂದು ಫೋಟೊ ತೆಗೆದ್ರು. ಅದನ್ನ ನೋಡಿದ ಡಂಕನ್ ನೇರ ನಿಪ್ಪೊನ್ ಕೊಗಾಕು ಕಾರ್ಖಾನೆಗೆ ಹೋಗಿ, ತಮ್ಮ ಜರ್ಮನ್ ಲೆನ್ಸುಗಳ ಎದುರು ಇವನ್ನ ಇಟ್ಟು ಪರೀಕ್ಷೆ ಮಾಡಿದ್ರು. ಆಮೇಲೆ ಕೊರಿಯಾ ಯುದ್ಧಕ್ಕೆ ಹೋದಾಗ ಅವರ ಲೈಕಾ ಮ್ಯಾಲಿದ್ದದ್ದು ನಿಕ್ಕೋರ್. ಆ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನ ಬರೀತು. ಆ ನಿಕ್ಕೋರ್‌ಗಳ ಮೂಲ ವಿನ್ಯಾಸ? ಅದೂ ಸೊನ್ನಾರ್ ಮನೆತನದ್ದೇ.

ಜೇವರ್ಗಿಯ ಒಬ್ಬ ಸ್ಟುಡಿಯೊ ಕಾಕಾ ಹತ್ರ ಯಾಶಿಕಾ ಎಲೆಕ್ಟ್ರೊ 35 ಅದ. 1966ರಲ್ಲಿ ಬಂದ ಮಾದರಿ, ಎಫ್/1.7 ಲೆನ್ಸು, ಬಿಚ್ಚಲಿಕ್ಕೆ ಬರಲ್ಲ. ಬೆಲೆ ಇಳಿಸಲಿಕ್ಕೆ ಜಪಾನಿನವರು ಕಂಡುಕೊಂಡ ದಾರಿಗಳಲ್ಲಿ ಇದೂ ಒಂದು. ಲೆನ್ಸ್ ಬದಲಾಯಿಸೋದೇ ಇಲ್ಲ ಅಂದ್ಮೇಲೆ ಆ ಗಾಲಿಗೂ ಲೆನ್ಸಿಗೂ ಕಾರ್ಖಾನೆಯಲ್ಲಿ ಒಂದೇ ಸಲ ಹೊಂದಿಸಿದ್ರ ಮುಗೀತು.

6/
ಈಗ ಮುಖ್ಯ ಮಾತಿಗೆ ಬರ್ತೀನಿ. ವಿನ್ಯಾಸ ಒಂದೇ ಇದ್ರ ಬೆಲೆ ಯಾಕ ಬೇರೆ?

ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ತು. ಆದ್ರ ಒಂದೇ ಹೊಲದ ತೊಗರಿ ದಾಲ್ ಮಿಲ್‌ಗೆ ಹೋಗಿ ಬಂದ್ಮೇಲೆ ಎರಡು ಮೂರು ರೇಟಿಗೆ ಮಾರಾಟ ಆಗ್ತದ. ಒಡಕು, ಕಲ್ಲು, ಬಣ್ಣಗೆಟ್ಟದ್ದು ಎಷ್ಟು ಆರಿಸಿ ತೆಗೆದಾರ ಅನ್ನೋದರ ಮ್ಯಾಲೆ ರೇಟು. ಲೆನ್ಸೂ ಹಂಗೇ ಅಂತ ನನ್ನ ಲೆಕ್ಕ. ಜುಪಿಟರ್‌ಗಳ ದೊಡ್ಡ ಆಪಾದನೆ ಏನಂದ್ರ ಒಂದು ಪೀಸ್ ಬಂಗಾರ, ಇನ್ನೊಂದು ಕಾಗೆ ಬಂಗಾರ. ಕಾರ್ಖಾನೆಗೆ ಕೊಟ್ಟ ಗುರಿ ಪೀಸಿನ ಸಂಖ್ಯೆ, ಆದ್ದರಿಂದ ತಿರಸ್ಕಾರ ಕಡಿಮೆ. ಮೇಲಾಗಿ ಅವು ಕಾಂಟ್ಯಾಕ್ಸ್ ಅಳತೆಗೆ ಹುಟ್ಟಿದವು. ಲೈಕಾ ಮ್ಯಾಲೆ ಹಾಕಿ ಹತ್ತಿರದ ಮುಖ ತೆಗೆದ್ರ ಕಣ್ಣಿಗೆ ಇಟ್ಟ ಫೋಕಸ್ ಕಿವಿಗೋ ಮೂಗಿಗೋ ಹೋಗ್ತದ. ಲೆನ್ಸು ತಪ್ಪು ದೂರ ಹೇಳ್ತು, ಕ್ಯಾಮೆರಾ ನಂಬಿತು!

ಗಾಜಿನಲ್ಲೂ ಫರಕು ಅದ, ಇಲ್ಲ ಅನ್ನಲ್ಲ. 2004ರ ಲೈಕಾ ಸುಮಿಲಕ್ಸ್ 50 ಆಸ್ಫರಿಕಲ್ ಲೆನ್ಸನ್ನು ಪೂರ್ತಿ ತೆರೆದರೂ ಮೂಲೆಗಳು ಸ್ವಚ್ಛ. ಸೊನ್ನಾರ್ ಮನೆತನದಲ್ಲಿ ಮೂಲೆ ಮೆತ್ತಗೆ. ಇನ್ನು ಹೆಸರಿನ ಬೆಲೆ, ನಮ್ಮ ಭಾಷೆಯಲ್ಲಿ ಗುಡ್‌ವಿಲ್. 1948ರ ಜನವರಿ 30ರಂದು ಹತ್ಯೆಗೆ ಸ್ವಲ್ಪ ಮುಂಚೆ ಗಾಂಧೀಜಿಯನ್ನು ಭೇಟಿಯಾಗಿ, ನಂತರ ಅಂತ್ಯಯಾತ್ರೆಯನ್ನು ಸೆರೆಹಿಡಿದ ಆನ್ರಿ ಕಾರ್ತಿಯೆ-ಬ್ರೆಸಾನ್ ಕೈಯಲ್ಲಿದ್ದದ್ದು ಲೈಕಾ. ಅಂಥ ಚರಿತ್ರೆಗೂ ಗಿರಾಕಿ ರೊಕ್ಕ ಕೊಡ್ತಾನ.

7/
ಆಮೇಲೆ ಎಲ್ಲಾ ಉಲ್ಟಾ. ಜೈಸ್ ತನ್ನ ಹೆಸರಲ್ಲಿ ಸಿ ಸೊನ್ನಾರ್ 50 ಎಂಎಂ ತಂತು, ಮಾಡಿಸಿದ್ದು ಜಪಾನಿನ ನಾಗಾನೊದ ಕೊಸಿನಾ ಕಂಪನಿಯಲ್ಲಿ. 2016ರಲ್ಲಿ ಲೊಮೊಗ್ರಫಿ ಕಂಪನಿ ಜುಪಿಟರ್-3ಕ್ಕೆ ಮರುಜನ್ಮ ಕೊಟ್ಟು ಸುಮಾರು 650 ಡಾಲರ್‌ಗೆ ಮಾರಿತು. ಬಡವರ ಲೆನ್ಸೇ ಶೋಕಿ ಮಾಲಾಯ್ತು. ಮರುವರ್ಷ ಚೀನಾದ ಶೆನ್ಜೆನ್‌ನಿಂದ ಸೆವೆನ್ ಆರ್ಟಿಸನ್ಸ್ 50 ಎಂಎಂ ಎಫ್/1.1 ಬಂತು, 400 ಡಾಲರ್‌ಗಿಂತ ಕಡಿಮೆಗೆ. ಮತ್ತೆ ಸೊನ್ನಾರ್ ವಿನ್ಯಾಸ. ಲೈಕಾದ ಎಫ್/0.95 ನಾಕ್ಟಿಲಕ್ಸ್ ಹೊಸದು ಬೇಕಂದ್ರ 10 ಸಾವಿರ ಡಾಲರ್‌ಗೂ ಮೇಲೆ. ನನಗೆ ಮಜಾ ಅನಿಸಿದ್ದು ಸೆವೆನ್ ಆರ್ಟಿಸನ್ಸ್ ಡಬ್ಬಿಯೊಳಗಿನ ಸಾಮಾನು: ಒಂದು ಪುಟ್ಟ ಸ್ಕ್ರೂಡ್ರೈವರ್, ಒಂದು ಪರೀಕ್ಷೆ ಚೀಟಿ. ಫೋಕಸ್ ನೀವೇ ಹೊಂದಿಸ್ಕೊಳ್ರಿ ಅಂತ. ಕಾರ್ಖಾನೆಯ ಕೂಲಿ ಗಿರಾಕಿ ತಲೆ ಮ್ಯಾಲೆ!

8/
ಈಗ ಇಎಂಐ ಕಟ್ಟೋ ದೋಸ್ತರಿಗೆ ಒಂದು ಮಾತು. ನಿಮ್ಮ ಹತ್ರ ಮಿರರ್‌ಲೆಸ್ ಇದ್ರ ಅಡಾಪ್ಟರ್ ಹಾಕಿ ಈ ಹಳೇ ಲೆನ್ಸುಗಳನ್ನ ಬಳಸಬಹುದು. ಅಲ್ಲಿ ಗಾಲಿ ಇಲ್ಲ, ನಂಬೋ ಮಾತಿಲ್ಲ. ಸೆನ್ಸರ್ ಮ್ಯಾಲೆ ಬಿದ್ದದ್ದೇ ಸ್ಕ್ರೀನಿನಲ್ಲಿ ಕಾಣ್ತದ. ಸೋವಿ ಲೆನ್ಸಿನ ದೊಡ್ಡ ಐಬು ಅಲ್ಲಿ ಲೆಕ್ಕಕ್ಕೇ ಬರಲ್ಲ. ಆಟೊಫೋಕಸ್ ಮಾತ್ರ ಸಿಗಲ್ಲ, ಅಕ್ಷತೆ ಬೀಳೋ ಹೊತ್ತಿಗೆ ಉಂಗುರ ತಿರುಗಿಸ್ತಾ ನಿಲ್ಲಬ್ಯಾಡ್ರಿ. ಕೊಳ್ಳೋ ಮುಂಚೆ ಟಾರ್ಚ್ ಬಿಟ್ಟು ಒಳಗೆ ಬೂಷ್ಟು ಹಿಡಿದದ ಏನು ನೋಡ್ರಿ, ಉಂಗುರ ಗಟ್ಟಿ ಆಗ್ಯದ ಏನು ತಿರುಗಿಸಿ ನೋಡ್ರಿ.

ಮುಂದಿನ ಸಲ ಕಾಕಾನ ಯಾಶಿಕಾದೊಳಗೆ ರೀಲ್ ಹಾಕೋಣ.