ಎಂ.ಜಿ. ರಸ್ತೆಯ ಕಾಫಿ ಹೌಸ್‌ಗೆ ವಿದಾಯ

2009ರ ಏಪ್ರಿಲ್ 5, ಭಾನುವಾರ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ ಅಂದು ತನ್ನ ಗಿರಾಕಿಗಳಿಗೆ ಅಲ್ಲಿ ಕೊನೆಯ ಬಾರಿಗೆ ಕಾಫಿ ಕೊಟ್ಟಿತು. ಅರ್ಧ ಶತಮಾನದಷ್ಟು ಕಾಲ ನಡೆದುಬಂದ ಈ ಹೋಟೆಲು ಬಾಡಿಗೆಯ ಜಾಗದಲ್ಲಿತ್ತು. ಅದನ್ನು ಮಾಲೀಕರಿಗೆ ಬಿಟ್ಟುಕೊಡಬೇಕಾಗಿ ಬಂದಿತ್ತು.

ಜನ ಮರುಗಿದ್ದು ಬರೀ ಕಾಫಿಗಾಗಿ ಅಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕಾಫಿ ಬೆಲೆ ನೆಲಕಚ್ಚಿ ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರು ತತ್ತರಿಸಿದ್ದರು. ಹೊರದೇಶ ಕೊಳ್ಳದಿದ್ದರೆ ನಮ್ಮವರಿಗೇ ಕುಡಿಸೋಣ ಎಂಬ ಲೆಕ್ಕಾಚಾರ ಹುಟ್ಟಿತು. 1935ರ ಕಾಫಿ ಸೆಸ್ ಕಾಯ್ದೆಯ ಬೆನ್ನಿಗೆ, 1936ರಲ್ಲಿ ಮುಂಬಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಮುಂದೆ ಕಾಫಿ ಬೋರ್ಡು ಇವನ್ನು ಊರೂರಿಗೆ ಹಬ್ಬಿಸಿತು. ಸರ್ಕಾರವೇ ಹೋಟೆಲು ನಡೆಸಿದ ವಿಚಿತ್ರ ಪ್ರಯೋಗವಿದು ಎನ್ನಬಹುದು.

1950ರ ದಶಕದ ನಡುವೆ ಬೋರ್ಡಿಗೆ ಈ ವ್ಯವಹಾರ ಬೇಡವಾಯಿತು. ಕಾಫಿ ಹೌಸುಗಳಿಗೆ ಬೀಗ ಬೀಳತೊಡಗಿ ಕೆಲಸಗಾರರು ಬೀದಿಗೆ ಬಿದ್ದರು. ಆಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ಸಹಕಾರ ಸಂಘ ಕಟ್ಟಿಕೊಂಡು ನೀವೇ ನಡೆಸಿ ಎಂದು ಹುರಿದುಂಬಿಸಿದರು. 1957ರ ಆಗಸ್ಟ್ 19ರಂದು ಕೆಲಸಗಾರರ ಸಹಕಾರ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ. ಅದೇ ಅಕ್ಟೋಬರ್ 27ರಂದು ದೆಹಲಿಯಲ್ಲಿ ಸಹಕಾರಿ ಕಾಫಿ ಹೌಸ್ ತೆರೆಯಿತು. ತಟ್ಟೆ ಹಿಡಿದು ನಿಂತವರೇ ಧಣಿಗಳಾದರು!

ಎಂ.ಜಿ. ರಸ್ತೆಯ ಹೋಟೆಲಿನ ನಡವಳಿಕೆಯಲ್ಲೂ ಆ ಗುಣ ಕಾಣುತ್ತಿತ್ತು. ಬಿಳಿ ಉಡುಪು, ಸೊಂಟಕ್ಕೆ ಅಗಲ ಪಟ್ಟಿ, ತಲೆಗೆ ತುರಾಯಿ ಪೇಟ ತೊಟ್ಟ ಮಾಣಿಗಳು ಯಾರನ್ನೂ ಏಳಿಸುತ್ತಿರಲಿಲ್ಲ. ಒಂದು ಕಪ್ ಕಾಫಿಗೆ ಗಂಟೆಗಟ್ಟಲೆ ಕೂತು ರಾಜಕೀಯ ಹರಟಬಹುದಿತ್ತು. ಪತ್ರಕರ್ತ, ವಕೀಲ, ವಿದ್ಯಾರ್ಥಿ, ಕೆಲಸ ಹುಡುಕುವವ ಎಲ್ಲರಿಗೂ ಒಂದೇ ಬೆಲೆ; ದೋಸೆ, ಕಟ್ಲೆಟ್, ಮೊಟ್ಟೆಯ ತಿಂಡಿಗಳು ಕೈಗೆಟುಕುವಂತಿದ್ದವು.

ಆದರೆ ಹೀಗೆ ಕೂರಲು ಬಿಡುವ ಹೋಟೆಲಿಗೆ ಹಳೆಯ ಬಾಡಿಗೆಯೇ ಜೀವಾಳ. ವ್ಯಾಪಾರ ಕೆಲಸಗಾರರದಾದರೂ ಗೋಡೆ ಅವರದಾಗಿರಲಿಲ್ಲ. ಅಷ್ಟರಲ್ಲಿ ಎಂ.ಜಿ. ರಸ್ತೆಯ ನೆಲಕ್ಕೆ ಚಿನ್ನದ ಬೆಲೆ ಬಂದಿತ್ತು. ಮೆಟ್ರೊ ಕಾಮಗಾರಿಗೆ ಎದುರಿನ ಸಾಲುಮರಗಳು ಉರುಳಿದ್ದವು, ಪ್ಲಾಜಾ ಚಿತ್ರಮಂದಿರ ಇಲ್ಲವಾಗಿತ್ತು. ಹಳೆಯ ದಂಡು ಪ್ರದೇಶದ ಗುರುತುಗಳು ಒಂದೊಂದಾಗಿ ಕಳಚುತ್ತಿದ್ದ ಹೊತ್ತಿನಲ್ಲೇ ಕಾಫಿ ಹೌಸಿನ ಸರದಿಯೂ ಬಂತು.

ಸಂಘ ಮಾತ್ರ ಮುಚ್ಚಲಿಲ್ಲ. ಹಿಂದಿನ ಚರ್ಚ್ ಸ್ಟ್ರೀಟಿನಲ್ಲಿ, ಬ್ರಿಗೇಡ್ ಗಾರ್ಡನ್ಸ್ ಕಟ್ಟಡದೊಳಗೆ ಜಾಗ ಹಿಡಿದು ಅದೇ ವರ್ಷ ಮತ್ತೆ ಒಲೆ ಹಚ್ಚಿತು. ಪೇಟ ತೊಟ್ಟ ಮಾಣಿಗಳೂ ಹಳೆಯ ಗಿರಾಕಿಗಳೂ ಅಲ್ಲಿಗೆ ನಡೆದರು.