ಸರ್ವರ್‌ನ ನಾಡಿ ಹಿಡಿಯುವ ಏಜೆಂಟ್

ಪರೀಕ್ಷಾ ಫಲಿತಾಂಶ ಪ್ರಕಟವಾಗುವ ದಿನ ಜಾಲತಾಣ ತೆರೆದುಕೊಳ್ಳದೆ ಮಕ್ಕಳೂ ಪೋಷಕರೂ ಪರದಾಡುವುದು ನಮಗೆಲ್ಲ ಪರಿಚಿತ ದೃಶ್ಯ. ‘ಸರ್ವರ್ ಡೌನ್’ ಎಂಬ ಮಾತು ಬ್ಯಾಂಕಿನ ಕೌಂಟರಿನಿಂದ ಪಡಿತರ ಅಂಗಡಿಯವರೆಗೆ ಕನ್ನಡವೇ ಆಗಿಬಿಟ್ಟಿದೆ. ಆದರೆ ಕುಸಿಯುವ ಮುನ್ನ ಆ ಸರ್ವರ್‌ನೊಳಗೆ ಏನು ನಡೆದಿತ್ತು? ಸಿಪಿಯು ದಣಿದಿತ್ತೆ, ಮೆಮೊರಿ ಸಾಲದಾಗಿತ್ತೆ, ಡಿಸ್ಕ್ ತುಂಬಿತ್ತೆ? ಕುಸಿದ ಮೇಲೆ ಕೇಳಿದರೆ ಯಂತ್ರವು ಉತ್ತರಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಅಂಕಿಅಂಶಗಳನ್ನು ಮೊದಲೇ ಸಂಗ್ರಹಿಸಿಟ್ಟಿರಬೇಕು. ಈ ಕೆಲಸಕ್ಕಾಗಿ ಸರ್ವರ್‌ನಲ್ಲೇ ಸದಾ ಓಡುತ್ತಿರುವ ಪುಟ್ಟ ತಂತ್ರಾಂಶಕ್ಕೆ ‘ಏಜೆಂಟ್’ ಎಂದು ಹೆಸರು. ಏಜೆಂಟ್ ಎಂದೊಡನೆ ವಿಮಾ ಪಾಲಿಸಿಯವರು ನೆನಪಾದರೆ ತಪ್ಪೇನಿಲ್ಲ. ಇದೂ ಯಜಮಾನನ ಪರವಾಗಿ ಸ್ಥಳದಲ್ಲಿದ್ದು ವರದಿ ಒಪ್ಪಿಸುವ ಪ್ರತಿನಿಧಿಯೇ.

ಕಲ್ಪನೆ ಹೊಸದಲ್ಲ. 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಎಂಬ ಶಿಷ್ಟಾಚಾರದಲ್ಲೇ ಏಜೆಂಟ್ ಎಂಬ ಪಾತ್ರವಿತ್ತು. ರೌಟರ್, ಸ್ವಿಚ್‌ಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಅದರ ಹಳೆಯ ಎಣಿಕೆಗಳು 32 ಬಿಟ್‌ಗಳವಾಗಿದ್ದವು. ಒಂದು ಗಿಗಾಬಿಟ್ ವೇಗದ ಸಂಪರ್ಕವು ತುಂಬಿ ಹರಿಯುತ್ತಿದ್ದರೆ ಅಂಥ ಎಣಿಕೆ ಸುಮಾರು 34 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಐದು ನಿಮಿಷಕ್ಕೊಮ್ಮೆ ಓದಿದವರಿಗೆ ಸಿಗುವುದು ಅರ್ಥವಿಲ್ಲದ ಸಂಖ್ಯೆ. ಆದ್ದರಿಂದಲೇ ಮುಂದೆ 64 ಬಿಟ್‌ಗಳ ಎಣಿಕೆಗಳು ಬಂದವು.

ಇಂದು ಲಿನಕ್ಸ್ ಸರ್ವರ್‌ಗಳಲ್ಲಿ ಪ್ರಯೋಗ ಮಾಡಿ ನೋಡಲು ಸುಲಭವಾದ ಮಾದರಿಯೆಂದರೆ ಪ್ರೊಮಿಥಿಯಸ್ ಯೋಜನೆಯ ‘ನೋಡ್ ಎಕ್ಸ್‌ಪೋರ್ಟರ್’. ಪ್ರೊಮಿಥಿಯಸ್ 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಹುಟ್ಟಿ, 2016ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ನ ಆಶ್ರಯಕ್ಕೆ ಬಂದ ಮುಕ್ತ ತಂತ್ರಾಂಶ. ನೋಡ್ ಎಕ್ಸ್‌ಪೋರ್ಟರ್ ಅದರ ಕ್ಷೇತ್ರ ಪ್ರತಿನಿಧಿ. ಗೋ ಭಾಷೆಯಲ್ಲಿ ಬರೆದ ಒಂದೇ ಕಡತ. ಇಳಿಸಿಕೊಂಡು, ಬಿಚ್ಚಿ, ಓಡಿಸಿದರಾಯಿತು. ರೂಟ್ ಅಧಿಕಾರ ಬೇಕಿಲ್ಲ. ಅದಕ್ಕೆಂದೇ ಸಾಮಾನ್ಯ ಬಳಕೆದಾರನೊಬ್ಬನನ್ನು ಸೃಷ್ಟಿಸಿ ಅವನ ಹೆಸರಿನಲ್ಲಿ ನಡೆಸುವುದು ಕ್ಷೇಮ. ಚಾಲನೆಯಾದೊಡನೆ ಅದು 9100ನೇ ಪೋರ್ಟ್‌ನಲ್ಲಿ ಕಾದು ಕೂರುತ್ತದೆ. ಅದೇ ಯಂತ್ರದ ಬ್ರೌಸರ್‌ನಲ್ಲಿ ಆ ಪೋರ್ಟ್‌ನ ‘ಮೆಟ್ರಿಕ್ಸ್’ ಪುಟವನ್ನು ತೆರೆದರೆ ಸಾಲುಸಾಲಾಗಿ ಹೆಸರುಗಳೂ ಅಂಕಿಗಳೂ ಕಾಣುತ್ತವೆ. (ಜಾಲಕ್ಕೆ ಜೋಡಿಸಿದ ಅನೇಕ ಪ್ರಿಂಟರ್‌ಗಳೂ ಇದೇ 9100ನ್ನು ಬಳಸುತ್ತವೆ. ವಿಳಾಸ ತಪ್ಪಿದರೆ ನಿಮ್ಮ ಕೋರಿಕೆ ಕಾಗದದ ಮೇಲೆ ಅಚ್ಚಾಗಿ ಹೊರಬಂದೀತು!)

ಏಜೆಂಟ್ ಈ ಅಂಕಿಗಳನ್ನು ತಾನಾಗಿ ಕಂಡುಹಿಡಿಯುವುದಿಲ್ಲ. ಅವುಗಳಲ್ಲಿ ಬಹುಪಾಲನ್ನು ಲಿನಕ್ಸ್ ಕರ್ನೆಲ್ ತನ್ನ ‘ಪ್ರಾಕ್’ ಎಂಬ ಕಾಲ್ಪನಿಕ ಕಡತಕೋಶದಲ್ಲಿ ತೆರೆದಿಟ್ಟಿರುತ್ತದೆ. ಏಜೆಂಟ್ ಕೇಳಿದಾಗ ಮಾತ್ರ ಓದಿ ಹೇಳುತ್ತದೆ. ತನ್ನಲ್ಲಿ ಏನನ್ನೂ ಉಳಿಸಿಕೊಳ್ಳುವುದಿಲ್ಲ. ನಿಗದಿತ ಅವಧಿಗೊಮ್ಮೆ, ಉದಾಹರಣೆಗೆ 15 ಸೆಕೆಂಡಿಗೊಮ್ಮೆ, ಬಂದು ಕೇಳುವುದೂ ಬರೆದಿಡುವುದೂ ಪ್ರೊಮಿಥಿಯಸ್‌ನ ಕೆಲಸ. ನಾವು ಬದಲಿಸದಿದ್ದರೆ ಅದು 15 ದಿನಗಳ ಮಾಹಿತಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಕಳೆದ ವರ್ಷದ ಫಲಿತಾಂಶದ ದಿನವನ್ನು ಈ ವರ್ಷದೊಂದಿಗೆ ಹೋಲಿಸಬೇಕೆಂದಿರುವವರು ಇದನ್ನು ಮೊದಲೇ ಗಮನಿಸಬೇಕು.

ಅಂಕಿಗಳನ್ನು ಓದುವಲ್ಲಿಯೇ ಹೆಚ್ಚಿನವರು ಎಡವುವುದು. ಸಿಪಿಯು ಕುರಿತ ಸಂಖ್ಯೆಯು ಶೇಕಡಾವಾರು ಅಲ್ಲ; ಯಂತ್ರ ಚಾಲನೆಯಾದಂದಿನಿಂದ ಕಳೆದ ಸೆಕೆಂಡುಗಳ ಮೊತ್ತ. ಮನೆಯ ವಿದ್ಯುತ್ ಮೀಟರಿನಂತೆ ಅದು ಏರುತ್ತಲೇ ಹೋಗುತ್ತದೆ. ಎರಡು ಓದುಗಳ ವ್ಯತ್ಯಾಸವೇ ಬಳಕೆ. ಒಂದು ಕೋರ್ ಸುಮ್ಮನಿದ್ದ ಕಾಲ 48,200 ಸೆಕೆಂಡ್ ಎಂದಿದ್ದು, 15 ಸೆಕೆಂಡಿನ ಬಳಿಕ 48,203 ಆಗಿದ್ದರೆ, ಆ ಅವಧಿಯಲ್ಲಿ ಅದು ಸುಮ್ಮನಿದ್ದುದು ಮೂರೇ ಸೆಕೆಂಡ್. ಅಂದರೆ ಶೇ. 80ರಷ್ಟು ಕಾಲ ಕೋರ್ ಕೆಲಸದಲ್ಲಿತ್ತು.

ಮೆಮೊರಿಯ ವಿಷಯದಲ್ಲಿ ಇನ್ನೊಂದು ಗೊಂದಲ. ‘ಫ್ರೀ’ ಎಂಬ ಅಂಕಿ ತೀರಾ ಕಡಿಮೆ ಇರುವುದನ್ನು ಕಂಡು ಗಾಬರಿಯಿಂದ ಹೊಸ ರ‍್ಯಾಮ್ ಖರೀದಿಸುವವರಿದ್ದಾರೆ. ಖಾಲಿ ಇರುವ ಮೆಮೊರಿಯನ್ನು ಲಿನಕ್ಸ್ ಕಡತಗಳ ಪ್ರತಿಗಳನ್ನಿಡಲು ಬಳಸಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ‘ಅವೈಲಬಲ್’ ಎಂಬ ಅಂಕಿ. 2014ರ 3.14ನೇ ಆವೃತ್ತಿಯ ಕರ್ನೆಲ್‌ನಲ್ಲಿ ಇದನ್ನು ಸೇರಿಸಿದ್ದೇ ಈ ಗೊಂದಲ ತಪ್ಪಿಸಲೆಂದು. ಹಾಗೆಯೇ ‘ಲೋಡ್ ಆವರೇಜ್’ ಏರಿದರೆ ಸಿಪಿಯುವನ್ನೇ ದೂರಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಈ ಸಂಖ್ಯೆಯು ಡಿಸ್ಕಿನ ಉತ್ತರಕ್ಕಾಗಿ ಕಾದು ನಿಂತ ಕೆಲಸಗಳನ್ನೂ ಒಳಗೊಳ್ಳುತ್ತದೆ. ಸಿಪಿಯು ಬಿಡುವಾಗಿದ್ದೂ ಲೋಡ್ ಹೆಚ್ಚಿದ್ದರೆ ಸಂಶಯ ಮೊದಲು ಡಿಸ್ಕಿನ ಮೇಲೆ ಹೋಗಲಿ.

ಡಿಸ್ಕ್ ತುಂಬುವುದು ಮಾತ್ರ ಮುಂಚಿತವಾಗಿ ತಿಳಿಯಬಹುದಾದ ಅಪಾಯ. ಕಳೆದ ಕೆಲವು ಗಂಟೆಗಳ ಓಟವನ್ನು ನೋಡಿ, ಇದೇ ವೇಗದಲ್ಲಿ ಸಾಗಿದರೆ ನಾಳೆಯೊಳಗೆ ಜಾಗ ಮುಗಿಯುವುದೇ ಎಂದು ಲೆಕ್ಕ ಹಾಕುವ ಸೌಲಭ್ಯ ಪ್ರೊಮಿಥಿಯಸ್‌ನಲ್ಲಿದೆ. ಬೇರೇನನ್ನೂ ಮಾಡದಿದ್ದರೂ ಈ ಒಂದು ಎಚ್ಚರಿಕೆಯನ್ನು ಅಳವಡಿಸಿಕೊಳ್ಳುವುದು ಲೇಸು.

ಇನ್ನು ಸುರಕ್ಷತೆ. ಏನೂ ಬದಲಿಸದೆ ಓಡಿಸಿದರೆ ನೋಡ್ ಎಕ್ಸ್‌ಪೋರ್ಟರ್ ಯಂತ್ರದ ಎಲ್ಲ ಜಾಲಸಂಪರ್ಕಗಳಲ್ಲೂ ಉತ್ತರಿಸುತ್ತದೆ, ಗುಪ್ತಪದವನ್ನೂ ಕೇಳುವುದಿಲ್ಲ. ಕರ್ನೆಲ್ ಯಾವ ಆವೃತ್ತಿಯದು, ಡಿಸ್ಕ್‌ಗಳು ಎಲ್ಲೆಲ್ಲಿ ಜೋಡಣೆಯಾಗಿವೆ ಎಂಬುದೆಲ್ಲ ಕೇಳಿದವರಿಗೆ ಸಿಗುತ್ತದೆ. ಕನ್ನ ಹಾಕುವವನಿಗೆ ಮನೆಯ ನಕ್ಷೆಯನ್ನೇ ಕೊಟ್ಟಂತೆ. ಪ್ರಯೋಗದ ಹಂತದಲ್ಲಿ 127.0.0.1 ವಿಳಾಸಕ್ಕೆ ಮಾತ್ರ ಉತ್ತರಿಸುವಂತೆ ಕಟ್ಟಿಹಾಕಿ; ನಿಜ ಬಳಕೆಗೆ ಬಂದಾಗ ಪ್ರೊಮಿಥಿಯಸ್ ಇರುವ ಯಂತ್ರಕ್ಕಷ್ಟೇ ಫೈರ್‌ವಾಲ್‌ನಲ್ಲಿ ಅನುಮತಿ ನೀಡಿ. ಗೂಢಲಿಪೀಕರಣ ಮತ್ತು ಗುಪ್ತಪದದ ಸೌಲಭ್ಯಗಳೂ ಈ ತಂತ್ರಾಂಶದಲ್ಲಿವೆ.

ಏಜೆಂಟ್ ಉತ್ತರಿಸದೇ ಹೋದರೆ? ಅದನ್ನೂ ಪ್ರೊಮಿಥಿಯಸ್ ಬರೆದಿಡುತ್ತದೆ. ಪ್ರತಿ ಬಾರಿ ಉತ್ತರ ದೊರೆತಾಗ ‘ಅಪ್’ ಎಂಬ ಹೆಸರಿನ ಮುಂದೆ 1, ದೊರೆಯದಾಗ 0. ಕುಸಿತದ ನಂತರ ಲೆಕ್ಕ ತೆಗೆಯುವವರು ಮೊದಲು ಹುಡುಕುವುದು ಆ ಸೊನ್ನೆ ಶುರುವಾದ ಗಳಿಗೆಯನ್ನು. ಆ ಬಳಿಕ ಅದಕ್ಕೂ ಹತ್ತು ನಿಮಿಷ ಹಿಂದಿನ ಅಂಕಿಗಳನ್ನು.