ಜಾನುವಾರು ಹೊಟ್ಟೆಯ ಸಿಲಿಯೇಟ್‌ಗಳು

ಪ್ರಾಣಿಗಳ ಜೀರ್ಣನಾಳದಲ್ಲಿ, ಆಮ್ಲಜನಕ ಇಲ್ಲವೆನ್ನಬಹುದಾದ ಕಡೆ ಬಾಳುವ ಏಕಕೋಶ ಜೀವಿಗಳು. ನವಿರಾದ ಲೋಮಾಂಗಗಳನ್ನು ಬಡಿಯುತ್ತ ಚಲಿಸುತ್ತವೆ. ಒಂದೇ ಕೋಶದಲ್ಲಿ ದೊಡ್ಡದು, ಸಣ್ಣದು ಎಂಬ ಎರಡು ಬಗೆಯ ಕೋಶಕೇಂದ್ರಗಳಿರುವುದು ಇವುಗಳ ಕುಲದ ಗುರುತು.

ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಾದ ರೂಮೆನ್ ಇವುಗಳ ದೊಡ್ಡ ನೆಲೆ. ನವಲಗುಂದ, ಅಣ್ಣಿಗೇರಿಯ ಎರೆನೆಲದಲ್ಲಿ ಜೋಳದ ಕಣಕಿ, ಕಡಲೆ ಹೊಟ್ಟು ತಿನ್ನುವ ಎತ್ತು, ಎಮ್ಮೆ, ಕುರಿಗಳು ಆ ಮೇವನ್ನು ಅರಗಿಸಿಕೊಳ್ಳುವುದು ಬ್ಯಾಕ್ಟೀರಿಯ, ಶಿಲೀಂಧ್ರ, ಸಿಲಿಯೇಟ್‌ಗಳ ನೆರವಿನಿಂದ. ಒಂದು ಮಿಲಿಲೀಟರ್ ರೂಮೆನ್ ರಸದಲ್ಲಿ ಲಕ್ಷಗಟ್ಟಲೆ ಸಿಲಿಯೇಟ್‌ಗಳಿರಬಹುದು. 1843ರಲ್ಲಿ ಫ್ರಾನ್ಸಿನಲ್ಲಿ ಗ್ರೂಬಿ ಮತ್ತು ದೆಲಾಫೋಂ ಇವನ್ನು ಮೊದಲು ವರ್ಣಿಸಿದರು. ಕರು ಹುಟ್ಟುವಾಗ ಅದರ ಹೊಟ್ಟೆಯಲ್ಲಿ ಇವು ಇರುವುದಿಲ್ಲ. ತಾಯಿ ನೆಕ್ಕಿದಾಗ, ದನಗಳ ಜೊತೆ ಒಂದೇ ಗೋದಲಿಯಲ್ಲಿ ತಿಂದಾಗ ಜೊಲ್ಲಿನ ಮೂಲಕ ಬಂದು ಸೇರುತ್ತವೆ.

ರೂಪದಲ್ಲಿ ಎರಡು ಪಂಗಡ. ಐಸೋಟ್ರೈಕಕ್ಕೆ ಮೈತುಂಬ ಲೋಮಾಂಗ. ಕರಗಿದ ಸಕ್ಕರೆ ಅದರ ಮುಖ್ಯ ಆಹಾರ. ಎಂಟೋಡಿನಿಯಮ್‌ಗೆ ಲೋಮಾಂಗ ಬಾಯಿಯ ಸುತ್ತ ಮಾತ್ರ, ಉಳಿದ ಮೈ ಗಡುಸು. ಪಿಷ್ಟದ ಕಣಗಳನ್ನೂ ಬ್ಯಾಕ್ಟೀರಿಯವನ್ನೂ ನುಂಗುತ್ತದೆ. ಅದರ ಬಳಗದ ಆಫ್ರಿಯೋಸ್ಕೋಲೆಕ್ಸ್‌ಗೆ ಹಿಂಬದಿಯಲ್ಲಿ ಮುಳ್ಳು, ಒಳಗೆ ಆಸರೆಯ ಫಲಕಗಳು. ಕಣಕ್ಕೆ ನುಗ್ಗಿದ ಎತ್ತು ಜೋಳದ ಕಾಳನ್ನು ಮಿತಿಮೀರಿ ತಿಂದರೆ ರೂಮೆನ್ ಹುಳಿಯೇರಿ ಸಿಲಿಯೇಟ್‌ಗಳು ಸಾಯುತ್ತವೆ. ಪಶುವೈದ್ಯರು ರಸದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇವುಗಳ ಚಲನೆ ನೋಡುವುದು ಅದಕ್ಕೇ.

ಎರಡೂ ಪಂಗಡ ಲಿಟೋಸ್ಟೊಮೇಟಿಯ ವರ್ಗದ ಟ್ರೈಕೊಸ್ಟೊಮೇಷಿಯ ಶಾಖೆಯವು. ಕೆರೆ, ಹೊಂಡದ ನೀರಿನಲ್ಲಿ ಬೇರೆ ಸೂಕ್ಷ್ಮಜೀವಿಗಳನ್ನು ಬೇಟೆಯಾಡುವ ಡೈಡಿನಿಯಮ್ ಇದೇ ವರ್ಗಕ್ಕೆ ಸೇರಿದೆ. ಬೇಟೆಗಾರ ವಂಶದ ಕವಲೊಂದು ಮೇವಿನ ಹೊಟ್ಟೆಯಲ್ಲಿ ನೆಲೆಯೂರಿತೆಂಬುದು ಇವುಗಳ ಅಧ್ಯಯನದಲ್ಲಿ ಅತ್ಯಂತ ಬೆರಗಿನ ಸಂಗತಿ. ಸಸ್ಯದ ಕೋಶಭಿತ್ತಿ ಒಡೆಯುವ ಕೆಲವು ಜೀನ್‌ಗಳನ್ನು ಇವು ಬ್ಯಾಕ್ಟೀರಿಯದಿಂದಲೇ ಪಡೆದಿವೆ. ಹಂದಿಯಲ್ಲಿ ಸಾಮಾನ್ಯವಾದ, ಮನುಷ್ಯನಿಗೂ ಆಮಶಂಕೆ ತರಬಲ್ಲ ಬ್ಯಾಲಂಟೀಡಿಯಮ್ ಕೋಲಿ ಕೂಡ ಇದೇ ಶಾಖೆಯದು.

ಜಿರಳೆಯ ಕರುಳಿನ ನಿಕ್ಟೋಥೀರಸ್ ಮಾತ್ರ ಬೇರೆ ವಂಶದ್ದು. ಕೆಸರಿನಲ್ಲಿರುವ ಮೆಟೋಪಸ್ ಅದರ ನೆಂಟ. ನಿಕ್ಟೋಥೀರಸ್‌ನೊಳಗೆ ಜಲಜನಕ ಹೊರಹಾಕುವ ಹೈಡ್ರೋಜನೊಸೋಮ್‌ಗೆ ತನ್ನದೇ ಡಿಎನ್‌ಎ ಇದೆ. ಅದು ರೂಪಾಂತರಗೊಂಡ ಮೈಟೋಕಾಂಡ್ರಿಯವೇ ಎಂದು 2005ರಲ್ಲಿ ಖಚಿತವಾಯಿತು. ಆಮ್ಲಜನಕವಿಲ್ಲದ ಬಾಳನ್ನು ಸಿಲಿಯೇಟ್‌ಗಳು ಒಂದಕ್ಕಿಂತ ಹೆಚ್ಚು ಬಾರಿ ಕಲಿತಿವೆ.

ಕಪ್ಪೆಯ ಗುದನಾಳದಲ್ಲಿ ಸಿಗುವ, ಮೈತುಂಬ ಕೂದಲಿನಂಥ ಎಳೆಗಳಿರುವ ಓಪಲೈನವನ್ನು ಹಿಂದೆ ಸಿಲಿಯೇಟ್ ಎಂದೇ ಎಣಿಸಿದ್ದರು. ಆದರೆ ಅದರ ಕೋಶಕೇಂದ್ರಗಳೆಲ್ಲ ಒಂದೇ ಬಗೆಯವು. ಈಗ ಅದನ್ನು ಕಂದುಪಾಚಿ, ಡಯಾಟಮ್‌ಗಳ ಬಳಗಕ್ಕೆ ಸೇರಿಸಲಾಗಿದೆ.